ತಿನ್ನುವ ತೀರ್ಮಾನ ಆಗುವುದು ಯಾವಾಗ

ಪರೀಕ್ಷೆಗೆ ಬರುವವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿರುತ್ತೇವೆ: ಹೊಟ್ಟೆ ಹಸಿದುಕೊಂಡು ಬರಬೇಡಿ, ಉಂಡ ಕೈ ತೊಳೆದು ನೇರವಾಗಿಯೂ ಬರಬೇಡಿ. ಲಘುವಾಗಿ ಊಟ ಮಾಡಿ ಎರಡೂವರೆ, ಮೂರು ಗಂಟೆ ಕಳೆದ ಮೇಲೆ ಬಂದರೆ ಸರಿ. ತೀರ್ಮಾನ ತೆಗೆದುಕೊಳ್ಳುವ ರೀತಿಗೂ ಮೈತೂಕಕ್ಕೂ ಇರುವ ನಂಟನ್ನು ಅಳೆಯುವ ಈ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲಿಯೇ. ಹಸಿದು ಕೂತವರು ಅವಸರದಲ್ಲಿ ಆರಿಸುತ್ತಾರೆ. ಆಮೇಲೆ ನಾವು ಅಳೆದದ್ದು ಅವರ ಸ್ವಭಾವವನ್ನೋ ಆ ಹೊತ್ತಿನ ಹೊಟ್ಟೆಯನ್ನೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಅದಕ್ಕೇ ಬಂದ ಕೂಡಲೇ 100 ಮಿಲಿಮೀಟರ್ ಉದ್ದದ ಒಂದು ಗೆರೆ ಎಳೆದ ಹಾಳೆ ಕೊಡುತ್ತೇವೆ. ಗೆರೆಯ ಎಡ ತುದಿ 'ಹಸಿವೇ ಇಲ್ಲ', ಬಲ ತುದಿ 'ತಡೆಯಲಾರದಷ್ಟು ಹಸಿವು'. ಅವರು ಗುರುತು ಹಾಕಿದ ಜಾಗವನ್ನು ಸ್ಕೇಲಿನಿಂದ ಅಳೆದರೆ ಹಸಿವಿಗೊಂದು ಅಂಕಿ ಸಿಗುತ್ತದೆ. 70 ದಾಟಿದವರಿಗೆ ಬೇರೆ ದಿನ ಬರಲು ಹೇಳುವುದೇ ಕ್ಷೇಮ.

ತೂಕ, ಎತ್ತರ ಅಳೆಯುವುದು ಎಲ್ಲಕ್ಕಿಂತ ಕೊನೆಯಲ್ಲಿ. ಮೊದಲೇ ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಆ ಅಂಕಿ ತಲೆಯಲ್ಲೇ ಕೂತುಬಿಡುತ್ತದೆ. ಮುಂದೆ ತಿನ್ನುವ ಪರೀಕ್ಷೆ ಬಂದಾಗ ಕೈ ಹಿಂದೆಗೆಯುತ್ತದೆ. ತೂಕಕ್ಕೆ ಸಂಬಂಧಿಸಿದ ಪ್ರಶ್ನಾವಳಿಗಳನ್ನೂ ಇದೇ ಕಾರಣಕ್ಕೆ ಕೊನೆಗೆ ಇಟ್ಟುಕೊಳ್ಳಬೇಕು.

ಪರೀಕ್ಷೆಗಳು ಒಟ್ಟು ನಾಲ್ಕು. ಮೊದಲನೆಯದು ಇಸ್ಪೀಟ್ ಎಲೆಗಳ ಆಟ. ಅಯೋವಾ ಜೂಜಿನ ಪರೀಕ್ಷೆ ಎಂದು ಇದರ ಹೆಸರು. 1994ರಲ್ಲಿ ಬೆಕಾರಾ, ಡಮಾಸಿಯೊ ಮತ್ತವರ ಜೊತೆಗಾರರು ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಿಗಾಗಿ ಇದನ್ನು ರೂಪಿಸಿದರು. ಎ, ಬಿ, ಸಿ, ಡಿ ಎಂದು ನಾಲ್ಕು ಕಟ್ಟುಗಳು. ಕೈಗೆ 2000ದಷ್ಟು ಆಟದ ಹಣ ಸಾಲವಾಗಿ ಕೊಟ್ಟಿರುತ್ತದೆ. ಒಂದೊಂದಾಗಿ ಒಟ್ಟು 100 ಎಲೆ ಎತ್ತಬೇಕು, ಯಾವ ಕಟ್ಟಿನಿಂದ ಬೇಕಾದರೂ. ಎ ಮತ್ತು ಬಿ ಕಟ್ಟಿನ ಪ್ರತಿ ಎಲೆಗೆ 100 ಲಾಭ. ಸಿ ಮತ್ತು ಡಿಯಲ್ಲಿ 50 ಮಾತ್ರ. ಆದರೆ ಎ, ಬಿಗಳಲ್ಲಿ ನಡುನಡುವೆ ಬರುವ ದಂಡ ದೊಡ್ಡದು. ಹತ್ತು ಎಲೆ ಎತ್ತುವಷ್ಟರಲ್ಲಿ 1000 ಬಂದು 1250 ಹೋಗಿರುತ್ತದೆ, ಅಂದರೆ 250 ನಷ್ಟ. ಸಿ, ಡಿಗಳಲ್ಲಿ 500 ಬಂದು 250 ಹೋಗುತ್ತದೆ, 250 ಉಳಿಯುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆಡುತ್ತಾ ಆಡುತ್ತಾ ಗೊತ್ತಾಗಬೇಕು.

ಸಿ, ಡಿಯಿಂದ ಎತ್ತಿದ ಎಲೆಗಳ ಸಂಖ್ಯೆಯಲ್ಲಿ ಎ, ಬಿಯಿಂದ ಎತ್ತಿದ್ದನ್ನು ಕಳೆದರೆ ಅಂಕ ಸಿಗುತ್ತದೆ. ಇದನ್ನು ಇಪ್ಪತ್ತಿಪ್ಪತ್ತು ಎಲೆಗಳ ಐದು ಭಾಗ ಮಾಡಿ ಬರೆದುಕೊಳ್ಳುತ್ತೇವೆ. ಮೊದಲ ಇಪ್ಪತ್ತರಲ್ಲಿ ಎಲ್ಲರೂ ಕತ್ತಲಲ್ಲಿ ತಡಕಾಡುವವರೇ, ಆ ಅಂಕಕ್ಕೆ ಹೆಚ್ಚು ಬೆಲೆ ಕೊಡಬಾರದು. ಮೂರನೆಯ ಭಾಗದಿಂದ ಆಚೆಗೆ ನೋಡಬೇಕಾದದ್ದು. ದಂಡ ಬಿದ್ದ ಮೇಲೂ ಕೈ ಮತ್ತೆ ಎ, ಬಿ ಕಡೆಗೇ ಹೋಗುತ್ತಿದೆಯೇ? 2004ರಲ್ಲಿ ಕ್ಯಾರೊಲಿನ್ ಡೇವಿಸ್ ಮತ್ತು ಸಂಗಡಿಗರು ಆರೋಗ್ಯವಂತ ಮಹಿಳೆಯರಲ್ಲಿ ಈ ಆಟ ಆಡಿಸಿ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಹೇಳುವ ಅಂಕಿ) ಹೆಚ್ಚಿದ್ದವರ ಅಂಕ ಕಡಿಮೆ ಇತ್ತೆಂದು ವರದಿ ಮಾಡಿದರು. ಈ ಕ್ಷೇತ್ರದಲ್ಲಿ ಎಲೆಗಳ ಆಟ ಚಾಲ್ತಿಗೆ ಬಂದದ್ದು ಬಹುಮಟ್ಟಿಗೆ ಆ ಬಳಿಕ.

ಅಂಕವನ್ನು ಓದುವಾಗ ಒಂದು ಎಚ್ಚರ. ಬಿ ಕಟ್ಟಿನಲ್ಲಿ ಹತ್ತು ಎಲೆಗೆ ಒಂದೇ ಒಂದು ದಂಡ, 1250ರದ್ದು. ಉಳಿದ ಒಂಬತ್ತೂ ಬರೀ ಲಾಭ. ಹೀಗಾಗಿ ಯಾವ ತೊಂದರೆಯೂ ಇಲ್ಲದ, ತೂಕ ಸಹಜವಾಗಿರುವ ಎಷ್ಟೋ ಜನ ಬಿ ಕಟ್ಟನ್ನು ಬಿಡುವುದೇ ಇಲ್ಲ. ಅಪರೂಪಕ್ಕೆ ಬೀಳುವ ದೊಡ್ಡ ಪೆಟ್ಟು ನೆನಪಿನಲ್ಲಿ ನಿಲ್ಲುವುದಿಲ್ಲ. ಹೀಗಿರುವಾಗ ಬರೀ ಒಟ್ಟು ಅಂಕ ಹಿಡಿದು 'ಇವರ ತೀರ್ಮಾನಶಕ್ತಿ ಕುಂದಿದೆ' ಎಂದು ಬರೆದುಬಿಡುವುದು ತಪ್ಪು. ನಾಲ್ಕೂ ಕಟ್ಟುಗಳ ಲೆಕ್ಕ ಬೇರೆಬೇರೆಯಾಗಿ ಇರಬೇಕು. ಪದೇಪದೇ ದಂಡ ಕೊಡುವ ಎ ಕಟ್ಟನ್ನೂ ಕೊನೆಯವರೆಗೆ ಬಿಡದವರು ಸಿಕ್ಕರೆ ಅದು ನಿಜಕ್ಕೂ ಗಮನಿಸಬೇಕಾದ ಸಂಗತಿ.

ಎರಡನೆಯದು ಕಾಯುವ ಪರೀಕ್ಷೆ. 'ಇವತ್ತೇ 15 ಬೇಕೋ, 13 ದಿನ ಬಿಟ್ಟು 35 ಬೇಕೋ?' 'ಇವತ್ತು 54 ಬೇಕೋ, 117 ದಿನ ಬಿಟ್ಟು 55 ಬೇಕೋ?' ಇಂಥವು 27 ಪ್ರಶ್ನೆ. ಮುಂದೆ ಸಿಗುವುದರ ಬೆಲೆ ಮನಸ್ಸಿನಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು 'ಕೆ' ಎಂಬ ಅಂಕಿಯಿಂದ ಸೂಚಿಸುತ್ತಾರೆ. ಸಿಗುವ ಮೊತ್ತವನ್ನು 'ಒಂದು ಕೂಡಿಸು, ಕೆ ಗುಣಿಸು ದಿನಗಳು' ಎಂಬುದರಿಂದ ಭಾಗಿಸಿದರೆ ಈಗಿನ ಬೆಲೆ ಬರುತ್ತದೆ. ಕೆ 0.01 ಇದ್ದವರಿಗೆ ತಿಂಗಳ ನಂತರದ 100 ಈಗ 77ರಷ್ಟು ತೋರುತ್ತದೆ, ಕೆ 0.05 ಇದ್ದವರಿಗೆ ಅದೇ 100 ಬರೀ 40. ಈ ಸೂತ್ರದ ಗುಣವೇನೆಂದರೆ ಬೆಲೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ, ಮೊದಲ ಕೆಲವು ದಿನಗಳಲ್ಲೇ ಜರ್ರನೆ ಇಳಿದು ಆಮೇಲೆ ನಿಧಾನವಾಗುತ್ತದೆ. ಮುಂದಿನ ವಾರಕ್ಕೆ ಹಣ್ಣು ಸಾಕು ಎಂದು ಮನಸಾರೆ ಬರೆದುಕೊಟ್ಟವರೇ ಆ ದಿನ ಬಂದಾಗ ಚಾಕೊಲೇಟಿಗೆ ಕೈ ಚಾಚುವುದು ಇದರಿಂದಲೇ. ಆವತ್ತು ಹೇಳಿದ್ದು ಸುಳ್ಳಲ್ಲ, ಇವತ್ತಿನ ಆಸೆಯೂ ಸುಳ್ಳಲ್ಲ. ದೂರದಿಂದ ನೋಡಿದಾಗ ಒಂದು ದೊಡ್ಡದಾಗಿ ಕಂಡಿತ್ತು, ಹತ್ತಿರ ಬಂದಾಗ ಇನ್ನೊಂದು ದೊಡ್ಡದಾಯಿತು.

ಪ್ರಶ್ನೆಗಳನ್ನು ಓದದೆ ಸುಮ್ಮನೆ ಗುರುತು ಹಾಕುವವರು ಇದ್ದೇ ಇರುತ್ತಾರೆ. ಉತ್ತರಗಳನ್ನು ಕೆ ಬೆಲೆಯ ಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದು ಕಡೆ 'ಇವತ್ತೇ', ಒಂದು ಹಂತ ದಾಟಿದ ಮೇಲೆ 'ಆಮೇಲೆ' ಎಂದು ಸಾಲಾಗಿ ಬರಬೇಕು. ಹಿಂದೆ ಮುಂದೆ ಜಿಗಿಯುತ್ತಿದ್ದರೆ ಆ ಹಾಳೆಯನ್ನು ಬದಿಗಿಡಬೇಕು. ಕೆ ಅಂಕಿಗಳು ಒಂದೇ ತುದಿಯಲ್ಲಿ ಗುಂಪುಗೂಡಿರುವುದರಿಂದ ಅವನ್ನು ಹಾಗೇ ಸರಾಸರಿ ಮಾಡದೆ ಲಾಗರಿದಮ್‌ಗೆ ತಿರುಗಿಸಿಕೊಂಡೇ ಲೆಕ್ಕ ಮಾಡುವುದು ರೂಢಿ.

ಮೂರನೆಯದು ಕೈ ತಡೆಯುವ ಪರೀಕ್ಷೆ. ಪರದೆಯ ಮೇಲೆ ಎಡಕ್ಕೋ ಬಲಕ್ಕೋ ಬಾಣ ಬರುತ್ತದೆ, ತಕ್ಷಣ ಆ ಬದಿಯ ಕೀಲಿ ಒತ್ತಬೇಕು. ನಾಲ್ಕರಲ್ಲಿ ಒಂದು ಸಲ ಬಾಣ ಬಂದ ಕ್ಷಣಾರ್ಧದಲ್ಲಿ ಬೀಪ್ ಶಬ್ದವಾಗುತ್ತದೆ, ಆಗ ಒತ್ತಬಾರದು. ಶಬ್ದ ಮೊದಲು 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ತಡೆದುಕೊಂಡರೆ ಮುಂದಿನ ಸಲ 50 ಮಿಲಿಸೆಕೆಂಡ್ ಇನ್ನೂ ತಡ, ತಡೆಯಲಾಗದಿದ್ದರೆ 50 ಬೇಗ. ಹೀಗೆ ಏರಿಳಿಯುತ್ತಾ ಅರ್ಧದಷ್ಟು ಸಲ ಗೆದ್ದು ಅರ್ಧದಷ್ಟು ಸಲ ಸೋಲುವ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒತ್ತಲು ತೆಗೆದುಕೊಳ್ಳುವ ಸಮಯ 500, ಶಬ್ದದ ಸರಾಸರಿ ತಡ 270 ಎಂದಾದರೆ ಕೈ ತಡೆಯಲು ಬೇಕಾದದ್ದು ಸುಮಾರು 230 ಮಿಲಿಸೆಕೆಂಡ್. ಶಬ್ದ ಬರುವ ಸರದಿಗಳು ಕನಿಷ್ಠ 50 ಇರದಿದ್ದರೆ ಈ ಅಂಕಿಯನ್ನು ನಂಬುವಂತಿಲ್ಲ.

ಇಲ್ಲಿ ಕೆಡುವುದು ಬಲು ಜಾಣತನದಿಂದ. ಶಬ್ದ ಬರಬಹುದೆಂದು ಗೊತ್ತಾದ ಮೇಲೆ ಜನ ಕಾಯತೊಡಗುತ್ತಾರೆ. ಬಾಣ ಬಂದರೂ ಒಂದು ಗಳಿಗೆ ತಡೆದು, ಶಬ್ದ ಇಲ್ಲವೆಂದು ಖಾತ್ರಿಯಾದ ಮೇಲೆ ಒತ್ತುತ್ತಾರೆ. ಆಗ ನಾವು ಅಳೆಯುವುದು ತಡೆಯುವ ಶಕ್ತಿಯನ್ನಲ್ಲ, ಕಾಯುವ ಉಪಾಯವನ್ನು. ಹೀಗಾಗದಿರಲು ಮೊದಲೇ ಹೇಳಿಬಿಡಬೇಕು: ಇದರಲ್ಲಿ ಅರ್ಧದಷ್ಟು ಸಲ ತಪ್ಪಿಯೇ ತಪ್ಪುತ್ತೀರಿ, ಯಂತ್ರವೇ ಹಾಗೆ ಮಾಡಿಸುತ್ತದೆ, ಬೇಸರ ಬೇಡ, ವೇಗ ಬಿಡಬೇಡಿ. ಪ್ರತಿ ಸುತ್ತಿನ ಕೊನೆಗೆ ಅವರ ಸರಾಸರಿ ಸಮಯವನ್ನು ಪರದೆಯಲ್ಲಿ ತೋರಿಸಿ, ಅದು ಏರುತ್ತಿದ್ದರೆ ಎಚ್ಚರಿಸಬೇಕು. (ಕಾಯುವ ಉಪಾಯವನ್ನು ಪರೀಕ್ಷೆಯಲ್ಲಿ ದೋಷವೆನ್ನುತ್ತೇವೆ. ಊಟದ ಮೇಜಿನಲ್ಲಿ ಅದೇ ಉಪಾಯ ಎಷ್ಟು ಬೆಲೆಬಾಳುತ್ತದೆ ಎಂಬುದು ಮುಂದೆ ಬರುತ್ತದೆ.)

ನಾಲ್ಕನೆಯದನ್ನು ಕೂತವರು ಪರೀಕ್ಷೆಯೆಂದೇ ತಿಳಿದಿರುವುದಿಲ್ಲ. 'ರುಚಿ ನೋಡಿ ಅಂಕ ಕೊಡಿ' ಎಂದು ಮೂರು ನಾಲ್ಕು ಬಟ್ಟಲು ಮುಂದಿಡುತ್ತೇವೆ: ಬಿಸ್ಕತ್ತು, ಚಿಪ್ಸ್, ಚಾಕೊಲೇಟ್, ಜೊತೆಗೆ ದ್ರಾಕ್ಷಿಯಂಥದೊಂದು. ಹಾಳೆಯಲ್ಲಿ ಉಪ್ಪು, ಸಿಹಿ, ಗರಿಗರಿ ಎಂದು ಪ್ರಶ್ನೆಗಳಿರುತ್ತವೆ. 'ಮುಗಿದ ಮೇಲೆ ಉಳಿದದ್ದನ್ನು ಬೇಕಾದಷ್ಟು ತಿನ್ನಿ, ಹೇಗಿದ್ದರೂ ಮತ್ತೆ ಬಳಸುವಂತಿಲ್ಲ' ಎಂದು ಹೇಳಿ ಹತ್ತು ನಿಮಿಷ ಒಬ್ಬರನ್ನೇ ಬಿಟ್ಟು ಹೊರಗೆ ಬರುತ್ತೇವೆ. ಹಾಳೆಯ ಅಂಕಗಳು ನೆಪ ಮಾತ್ರ. ಬಟ್ಟಲುಗಳನ್ನು ಬೇರೆ ಕೋಣೆಯಲ್ಲಿ ಮೊದಲೇ ತೂಗಿರುತ್ತೇವೆ, ಆಮೇಲೆ ಮತ್ತೆ ತೂಗುತ್ತೇವೆ. ಒಂದು ಗ್ರಾಮಿನವರೆಗೆ ಸರಿಯಾಗಿ ತೋರಿಸುವ ತಕ್ಕಡಿ ಸಾಕು, ಆದರೆ ಬಟ್ಟಲಿಗೆ ಅಂಟಿದ ಪುಡಿ, ಮೇಜಿನ ಮೇಲೆ ಬಿದ್ದ ಚೂರು ಎಲ್ಲವನ್ನೂ ಗುಡಿಸಿ ಸೇರಿಸಬೇಕು. ಪೊಟ್ಟಣದ ಮೇಲಿನ ಪೋಷಕಾಂಶ ಪಟ್ಟಿಯಿಂದ ಗ್ರಾಮನ್ನು ಕಿಲೊಕ್ಯಾಲೊರಿಗೆ ತಿರುಗಿಸಿದರೆ ಲೆಕ್ಕ ಮುಗಿಯಿತು. ಯಾವ ತಿನಿಸಿನ ಅಲರ್ಜಿ ಇದೆಯೆಂದು ಮೊದಲೇ ಕೇಳಿಕೊಂಡಿರಬೇಕು. ಎಲ್ಲ ಮುಗಿದ ಮೇಲೆ ಅಳೆದದ್ದೇನೆಂದು ತಿಳಿಸಿ, ಆ ಅಂಕಿ ಬಳಸಲು ಒಪ್ಪಿಗೆ ಪಡೆಯಬೇಕು.

ಬಿಸ್ಕತ್ತನ್ನು ಇಡಿಯಾಗಿ ಇಡಬಾರದು. ಎಂಟು ಬಿಸ್ಕತ್ತು ಜೋಡಿಸಿಟ್ಟ ತಟ್ಟೆಯಿಂದ ಮೂರು ತೆಗೆದರೆ ಖಾಲಿ ಜಾಗ ಎದ್ದು ಕಾಣುತ್ತದೆ. ನೋಡಿದವರು ಏನೆಂದುಕೊಂಡಾರೋ ಎಂಬ ಸಂಕೋಚಕ್ಕೆ ಎರಡಕ್ಕೇ ನಿಲ್ಲಿಸುತ್ತಾರೆ. ಅದನ್ನೇ ಸಣ್ಣ ಚೂರು ಮಾಡಿ ಅಗಲ ಬಟ್ಟಲಿಗೆ ತುಂಬಿಟ್ಟರೆ ಎಷ್ಟು ತಿಂದರೂ ಮಟ್ಟ ಇಳಿದದ್ದು ತಿಳಿಯುವುದಿಲ್ಲ, ತಿನ್ನುವವರಿಗೂ ತಿಳಿಯುವುದಿಲ್ಲ. ಒಂದೇ ತಿನಿಸು, ಅದನ್ನಿಡುವ ರೀತಿ ಬದಲಾಯಿಸಿದರೆ ಒಬ್ಬರೇ ಮನುಷ್ಯ ಬೇರೆಬೇರೆ ಪ್ರಮಾಣ ತಿನ್ನುತ್ತಾರೆ. ಈ ಸಂಗತಿ ಉಳಿದ ಮೂರು ಪರೀಕ್ಷೆಗಳ ಅಂಕಕ್ಕಿಂತ ಹೆಚ್ಚು ಹೇಳುತ್ತದೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಅಂಕಗಳನ್ನೆಲ್ಲ ಒಟ್ಟಿಗೆ ಇಟ್ಟಾಗ ಕಾಣುವ ಚಿತ್ರ ಜನ ನಿರೀಕ್ಷಿಸುವಷ್ಟು ಸ್ಪಷ್ಟವಲ್ಲ. ಎಲೆಗಳ ಆಟದಲ್ಲಿ ಸೋತವರು ಕಾಯುವ ಪರೀಕ್ಷೆಯಲ್ಲಿ ಗೆಲ್ಲುತ್ತಾರೆ. 'ನನಗೆ ಬಾಯಿ ಕಟ್ಟಲು ಬರುವುದಿಲ್ಲ' ಎಂದು ಪ್ರಶ್ನಾವಳಿಯಲ್ಲಿ ಬರೆದವರು ಕೈ ತಡೆಯುವುದರಲ್ಲಿ ಚುರುಕಾಗಿರುತ್ತಾರೆ. ಆತ್ಮಸಂಯಮ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರ ಒಳಗೆ ಒಂದಕ್ಕೊಂದು ಸಂಬಂಧ ತೆಳುವಾಗಿರುವ ಹಲವು ಸಂಗತಿಗಳಿವೆ. ಗುಂಪಿನ ಸರಾಸರಿಯಲ್ಲಿ ತೂಕದೊಂದಿಗಿನ ನಂಟು ಕಾಣುವುದು ನಿಜ, ಆದರೆ ಸಣ್ಣದು. ಒಬ್ಬರ ಅಂಕ ನೋಡಿ ಅವರ ತೂಕ ಊಹಿಸಲು ಅದು ಯಾವ ಪ್ರಯೋಜನಕ್ಕೂ ಬಾರದು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದೂ ಒಂದೇ ದಿನದ ಅಳತೆಯಿಂದ ತಿಳಿಯುವುದಿಲ್ಲ. ನಿದ್ದೆಗೇಡು, ಖಿನ್ನತೆ, ಹಣದ ಮುಗ್ಗಟ್ಟು ಇವು ತೀರ್ಮಾನವನ್ನೂ ಕೆಡಿಸುತ್ತವೆ, ತೂಕವನ್ನೂ ಏರಿಸುತ್ತವೆ.

ಮಾರ್ಷ್‌ಮ್ಯಾಲೊ ಪರೀಕ್ಷೆಯನ್ನು ಕೇಳದವರಿಲ್ಲ. ಎದುರಿಗಿಟ್ಟ ಒಂದನ್ನು ತಿನ್ನದೆ ಕಾದರೆ ಎರಡು ಕೊಡುತ್ತೇವೆಂದು ಮಕ್ಕಳಿಗೆ ಹೇಳಿದ ಪ್ರಯೋಗ ಅದು. ಹೆಚ್ಚು ಹೊತ್ತು ಕಾದ ಮಕ್ಕಳ ಬಿಎಂಐ 30 ವರ್ಷದ ನಂತರ ತುಸು ಕಡಿಮೆ ಇತ್ತೆಂದು 2013ರಲ್ಲಿ ಬಂದ ವರದಿ ಹೇಳಿತು: ಕಾದ ಪ್ರತಿ ಹೆಚ್ಚುವರಿ ನಿಮಿಷಕ್ಕೆ 0.2ರಷ್ಟು. ಆದರೆ 2018ರಲ್ಲಿ ಹೆಚ್ಚು ಮಕ್ಕಳ ಮೇಲೆ ಇದೇ ಬಗೆಯ ಅಧ್ಯಯನ ಮಾಡಿದಾಗ, ಕಾಯುವಿಕೆಗೂ ಮುಂದಿನ ಓದಿನ ಸಾಧನೆಗೂ ಇದ್ದ ನಂಟು ಮೊದಲಿನ ಅರ್ಧದಷ್ಟಕ್ಕೆ ಇಳಿಯಿತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದಾಗ ಅದರಲ್ಲೂ ಮೂರರಲ್ಲಿ ಎರಡು ಪಾಲು ಕರಗಿತು. ಮನೋಬಲ ಬಳಸಿದಷ್ಟೂ ಬರಿದಾಗುತ್ತದೆ ಎಂಬ ಇನ್ನೊಂದು ಜನಪ್ರಿಯ ಮಾತಿನ ಗತಿಯೂ ಅದೇ. 1998ರಲ್ಲಿ ಕುಕೀಸ್ ಎದುರಿಗಿದ್ದರೂ ಮೂಲಂಗಿ ತಿಂದವರು ಒಗಟು ಬಿಡಿಸುವುದನ್ನು ಬೇಗ ಕೈಬಿಟ್ಟರು ಎಂಬಲ್ಲಿಂದ ಹುಟ್ಟಿದ ವಾದ. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಆ ಬಗೆಯ ಪರೀಕ್ಷೆ ಮಾಡಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂತು. ದಿನಕ್ಕೆ ನಾವು ಊಟದ ಬಗ್ಗೆ 200ಕ್ಕೂ ಹೆಚ್ಚು ತೀರ್ಮಾನ ತೆಗೆದುಕೊಳ್ಳುತ್ತೇವೆ ಎಂಬ ಅಂಕಿಯನ್ನೂ ನೆಚ್ಚಬೇಡಿ. ಒಂದೇ ಪ್ರಶ್ನೆ ಕೇಳಿದಾಗ ಸರಾಸರಿ 14.4 ಎಂದವರು, ಯಾವಾಗ, ಏನು, ಎಷ್ಟು, ಯಾರೊಂದಿಗೆ ಎಂದು ಬಿಡಿಬಿಡಿಯಾಗಿ ಕೇಳಿ ಕೂಡಿಸಿದಾಗ 226.7ಕ್ಕೆ ಹೋದರು. ಪ್ರಶ್ನೆ ಹೆಚ್ಚಾದರೆ ಮೊತ್ತ ಹೆಚ್ಚಾಗುತ್ತದೆ, ಅಷ್ಟೇ.

ಗಟ್ಟಿಯಾಗಿ ನಿಂತಿರುವ ಸಂಗತಿಗಳು ಬೇರೆ ಇವೆ. 2015ರ ಒಂದು ಅಧ್ಯಯನದಲ್ಲಿ ಜನ ಎರಡು ತಿನಿಸುಗಳಲ್ಲಿ ಒಂದನ್ನು ಆರಿಸುವಾಗ ಮೌಸ್ ಸಾಗಿದ ದಾರಿಯನ್ನು ದಾಖಲಿಸಿದರು. ರುಚಿಯ ಸೆಳೆತ ಆ ದಾರಿಯಲ್ಲಿ ಆರೋಗ್ಯದ ಯೋಚನೆಗಿಂತ ಸರಾಸರಿ 195 ಮಿಲಿಸೆಕೆಂಡ್ ಮೊದಲೇ ಕಾಣಿಸಿಕೊಂಡಿತು. ಆರೋಗ್ಯದ ಯೋಚನೆ ಬೇಗ ಬಂದವರು ಹೆಚ್ಚು ಸಲ ತಡೆದುಕೊಂಡರು. ತಿನಿಸು ಕಂಡ ಕೂಡಲೇ ತೀರ್ಮಾನ ಮಾಡಿದರೆ ರುಚಿಯೊಂದೇ ಕೂತು ತೀರ್ಪು ಕೊಡುತ್ತದೆ. ತುಸು ತಡ ಮಾಡಿದರೆ ಎರಡನೆಯದೂ ಬಂದು ಸೇರುತ್ತದೆ. ಇನ್ನು, 2012ರಲ್ಲಿ ಜರ್ಮನಿಯ 205 ಮಂದಿಗೆ ಸಾಧನವೊಂದನ್ನು ಕೊಟ್ಟು, ದಿನದಲ್ಲಿ ಹಲವು ಸಲ 'ಈಗ ಯಾವ ಆಸೆ?' ಎಂದು ಕೇಳಲಾಯಿತು. ಸಂಯಮ ಹೆಚ್ಚಿದೆ ಎನಿಸಿಕೊಂಡವರು ಆಸೆಯ ಜೊತೆ ಹೆಚ್ಚು ಹೋರಾಡುತ್ತಿರಲಿಲ್ಲ. ಅವರಿಗೆ ಹೋರಾಡುವ ಸಂದರ್ಭವೇ ಕಡಿಮೆ ಬರುತ್ತಿತ್ತು.

ತೂಕ ಇಳಿಸಬೇಕೆನ್ನುವವರಿಗೆ ನಾವು ಕೊಡುವ ತರಬೇತಿ ನಿಂತಿರುವುದು ಈ ಎರಡರ ಮೇಲೆ. ಬಾಯಿ ಕಟ್ಟುವ ಶಕ್ತಿ ಬೆಳೆಸುವ ಮಾತನ್ನೇ ನಾವು ಎತ್ತುವುದಿಲ್ಲ. ತೀರ್ಮಾನ ಆಗುವ ಹೊತ್ತನ್ನು ಹಿಂದಕ್ಕೆ ಸರಿಸುತ್ತೇವೆ, ತಿನಿಸು ಕಣ್ಣಿಗೆ ಬೀಳುವುದಕ್ಕಿಂತ ಮೊದಲಿಗೆ.

ಮೊದಲ ಎರಡು ವಾರ ಬರೀ ಬರೆಯುವುದು, ಏನನ್ನೂ ಬದಲಿಸುವುದಲ್ಲ. ಹಾಳೆಯಲ್ಲಿ ನಾಲ್ಕು ಕಾಲಂ: ಹೊತ್ತು ಮತ್ತು ಜಾಗ, ತಿನ್ನುವ ಮುಂಚಿನ ಹಸಿವು (0ಯಿಂದ 10), ತೀರ್ಮಾನ ಆದದ್ದು ಯಾವಾಗ, ತಿಂದದ್ದೇನು. ಮೂರನೆಯ ಕಾಲಮ್ಮೇ ಮುಖ್ಯ. ಅದರಲ್ಲಿ ಮೂರೇ ಗುರುತು. 'ಮೊ' ಎಂದರೆ ಮೊದಲೇ ನಿಶ್ಚಯಿಸಿದ್ದು, 'ಕ' ಎಂದರೆ ಕಂಡ ಮೇಲೆ, 'ತಿ' ಎಂದರೆ ತಿನ್ನುತ್ತಿರುವಾಗ, ಅಂದರೆ ಎರಡನೇ ಸಲ ಬಡಿಸಿಕೊಂಡದ್ದು, ಪೊಟ್ಟಣ ಖಾಲಿ ಮಾಡಿದ್ದು, ಪಕ್ಕದವರ ತಟ್ಟೆಯದ್ದು. ಬಾಯಿಗೆ ಹಾಕಿಕೊಂಡ ಹತ್ತು ನಿಮಿಷದೊಳಗೆ ಬರೆಯಬೇಕು. ರಾತ್ರಿ ಕೂತು ನೆನೆದು ಬರೆದರೆ 'ತಿ'ಗಳೆಲ್ಲ ಮಾಯವಾಗುತ್ತವೆ.

ಕ್ಯಾಲೊರಿ ಬರೆಸುವುದಿಲ್ಲವೇಕೆ ಎಂದು ಕೇಳುತ್ತಾರೆ. 1992ರಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯದು ಎನ್ನುತ್ತಿದ್ದವರ ಚಿಕ್ಕ ಗುಂಪೊಂದನ್ನು ಸೂಕ್ಷ್ಮವಾಗಿ ಅಳೆದು ನೋಡಿದಾಗ ಅವರು ತಿಂದದ್ದನ್ನು ಸರಾಸರಿ 47 ಪ್ರತಿಶತದಷ್ಟು ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು 51 ಪ್ರತಿಶತ ಹೆಚ್ಚು ಬರೆದಿದ್ದರು. ಮೋಸ ಮಾಡುವ ಉದ್ದೇಶ ಅವರಿಗಿರಲಿಲ್ಲ. ಪ್ರಮಾಣವನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. 'ಯಾವಾಗ ನಿಶ್ಚಯಿಸಿದೆ' ಎಂದು ಹೇಳುವುದು ಸುಲಭ.

ಎರಡು ವಾರದ ಹಾಳೆ ಕೈಗೆ ಬಂದ ಮೇಲೆ 'ಕ' ಮತ್ತು 'ತಿ' ಗುರುತು ಗುಂಪಾಗಿರುವ ಜಾಗ ಹುಡುಕುತ್ತೇವೆ. ಅವು ದಿನವಿಡೀ ಹರಡಿಕೊಂಡಿರುವುದು ಅಪರೂಪ. ಕೆಲಸ ಮುಗಿಸಿ ಬಂದ ಮೊದಲ ಅರ್ಧ ಗಂಟೆ, ರಾತ್ರಿ ಪರದೆಯ ಮುಂದೆ ಕೂತ ಹೊತ್ತು, ಅಡುಗೆ ಮಾಡುವಾಗ, ಹೀಗೆ ಎರಡು ಮೂರು ಕಡೆ ಒತ್ತಾಗಿ ಕೂತಿರುತ್ತವೆ. ಅವುಗಳಲ್ಲಿ ಎರಡನ್ನು ಮಾತ್ರ ಹಿಡಿಯಬೇಕು. ಉತ್ಸಾಹದಲ್ಲಿ ಐದಾರು ಬದಲಾವಣೆ ಒಟ್ಟಿಗೆ ಶುರು ಮಾಡಿದವರು ಮೂರನೇ ವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ.

ಪರದೆಯ ಮುಂದಿನ ಹೊತ್ತನ್ನು ಹಿಡಿದರೆ ಹೀಗೆ: ಪೊಟ್ಟಣ ಕುರ್ಚಿಯ ತನಕ ಬರಬಾರದು. ಎಷ್ಟು ತಿನ್ನಬೇಕೋ ಅಷ್ಟನ್ನು ಅಡುಗೆಮನೆಯಲ್ಲಿ ನಿಂತೇ ಬಟ್ಟಲಿಗೆ ಹಾಕಿ, ಪೊಟ್ಟಣದ ಬಾಯಿ ಕಟ್ಟಿ, ಕೈಗೆಟುಕದ ಕಪಾಟಿಗೆ ಇಟ್ಟು ಬರಬೇಕು. ಇನ್ನಷ್ಟು ಬೇಕೆನಿಸಿದರೆ ಎದ್ದು ಹೋಗಿ ತರಬಹುದು, ಯಾರೂ ತಡೆಯುವುದಿಲ್ಲ. ಆದರೆ ಎದ್ದು ಹೋಗುವಷ್ಟರಲ್ಲಿ ಆ 195 ಮಿಲಿಸೆಕೆಂಡ್ ಎಷ್ಟೋ ಸಲ ಕಳೆದಿರುತ್ತದೆ. ಕಾಯುವ ಉಪಾಯ ಬೆಲೆಬಾಳುವುದು ಇಲ್ಲಿ. ಊಟದ ತಟ್ಟೆಯದೂ ಇದೇ ಲೆಕ್ಕ. 2002ರ ಅಧ್ಯಯನವೊಂದರಲ್ಲಿ ಒಂದೇ ಖಾದ್ಯವನ್ನು 500 ಗ್ರಾಂನಿಂದ 1000 ಗ್ರಾಂವರೆಗೆ ಬೇರೆಬೇರೆ ಪ್ರಮಾಣದಲ್ಲಿ ಬಡಿಸಿದಾಗ, ಅತಿ ದೊಡ್ಡ ಪ್ರಮಾಣ ಸಿಕ್ಕ ದಿನ ಜನ 30 ಪ್ರತಿಶತ ಹೆಚ್ಚು ತಿಂದರು. ಎಷ್ಟು ತಿನ್ನಬೇಕೆಂಬುದನ್ನು ಬಹುಪಾಲು ಬಡಿಸುವಾಗಲೇ ನಿಶ್ಚಯಿಸಿ ಆಗಿರುತ್ತದೆ. ಪಾತ್ರೆಗಳನ್ನು ಮೇಜಿನ ಮೇಲಿಡದೆ ಒಲೆಯ ಬಳಿಯೇ ಬಡಿಸಿಕೊಂಡು ಬಂದರೆ 'ತಿ' ಗುರುತು ಕಡಿಮೆಯಾಗುತ್ತದೆ.

ಕೊಳ್ಳುವ ಪಟ್ಟಿಯನ್ನು ಊಟವಾದ ಮೇಲೆ ಬರೆಯಿರಿ, ಹಸಿದಾಗ ಬೇಡ. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಯಾವುದನ್ನು ತರಬೇಕೆಂಬ ವಿಷಯದಲ್ಲಿ ಮಾತ್ರ ಒಂದು ಮಾತು. 2019ರಲ್ಲಿ ಕೆವಿನ್ ಹಾಲ್ ತಂಡ 20 ಮಂದಿಯನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು, ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟಿತು. ಬಡಿಸಿದ ಊಟದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸಮ. ತಿನ್ನುವುದು ಅವರವರ ಇಷ್ಟ. ಸಂಸ್ಕರಿಸಿದ್ದನ್ನು ತಿಂದಾಗ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ಹೋಯಿತು, ತೂಕ 0.9 ಕಿಲೊ ಏರಿತು. ಇನ್ನೊಂದರಲ್ಲಿ ಅಷ್ಟೇ ಇಳಿಯಿತು. ಜನ ಅವರೇ, ಅವರ ಸಂಯಮವೂ ಅದೇ. ಆದರೆ ತಿನ್ನುವ ವೇಗ ಹೆಚ್ಚಾಗಿತ್ತು. ಸಾಕೆಂಬ ಸೂಚನೆ ಹೊಟ್ಟೆಯಿಂದ ಬರಲು ಹೊತ್ತು ಬೇಕು. ಅಗಿಯದೆ ನುಂಗಬಹುದಾದ ತಿನಿಸು ಆ ಹೊತ್ತನ್ನು ಕೊಡುವುದಿಲ್ಲ.

ಇನ್ನು ಮೊದಲೇ ಮಾಡಿಟ್ಟುಕೊಳ್ಳುವ ವಾಕ್ಯ. 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಬರೆಸುತ್ತೇವೆ. 'ಸಂಜೆ ಬಿಸ್ಕತ್ತು ತಿನ್ನುವುದಿಲ್ಲ' ಎಂದು ಬರೆದರೆ ಕೆಲಸಕ್ಕೆ ಬರುವುದಿಲ್ಲ, ಆ ವಾಕ್ಯವೇ ಬಿಸ್ಕತ್ತನ್ನು ನೆನಪಿಗೆ ತರುತ್ತದೆ. 'ಮನೆಗೆ ಬಂದು ಚೀಲ ಕೆಳಗಿಟ್ಟ ಕೂಡಲೇ ಹೆಚ್ಚಿಟ್ಟ ಹಣ್ಣಿನ ಡಬ್ಬಿ ತೆರೆಯುತ್ತೇನೆ' ಎಂದಿರಬೇಕು. ಸಂದರ್ಭ ಕಣ್ಣಿಗೆ ಕಾಣುವಂಥದ್ದು, ಮಾಡುವ ಕೆಲಸ ಕೈಯಿಂದ ಮಾಡುವಂಥದ್ದು. ಹಣ್ಣನ್ನು ಹಿಂದಿನ ರಾತ್ರಿಯೇ ಹೆಚ್ಚಿಟ್ಟಿರದಿದ್ದರೆ ವಾಕ್ಯ ಹಾಳೆಯಲ್ಲೇ ಉಳಿಯುತ್ತದೆ.

ತಪ್ಪಿದ ದಿನಕ್ಕೂ ಒಂದು ವಾಕ್ಯ ಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಕುಸಿಯುತ್ತದೆ. ಹರ್ಮನ್ ಮತ್ತು ಮ್ಯಾಕ್ 1975ರಲ್ಲಿ ಮಾಡಿದ ಪ್ರಯೋಗದಲ್ಲಿ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಂ ಇಟ್ಟರು. ಪಥ್ಯದ ಯೋಚನೆ ಇಲ್ಲದವರು ಕುಡಿದ ಮೇಲೆ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡಿರುವವರು ಕುಡಿದ ಮೇಲೆ ಹೆಚ್ಚು ತಿಂದರು. 'ಹೇಗೂ ಇವತ್ತಿನ ವ್ರತ ಕೆಟ್ಟಿತು' ಎಂಬ ಲೆಕ್ಕ ಅದು. ಮುಂದಿನ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಮೊದಲು ಕೊಟ್ಟ ಪುಡ್ಡಿಂಗ್‌ನಲ್ಲಿ ಕ್ಯಾಲೊರಿ ಹೆಚ್ಚಿದೆ ಎಂದು ಬಾಯಿಮಾತಿಗೆ ಹೇಳಿದ್ದಷ್ಟೇ ಸಾಕಾಯಿತು. ಅತಿ ಬಿಗಿಯಾದ ನಿಯಮವೇ ಅತಿಯಾಗಿ ತಿನ್ನಿಸುವುದು ಹೀಗೆ. ಆದ್ದರಿಂದ ಬರೆಯಬೇಕಾದ ವಾಕ್ಯ: 'ತಪ್ಪಿದರೆ ಮುಂದಿನ ಊಟವನ್ನು ಎಂದಿನ ಹೊತ್ತಿಗೆ, ಎಂದಿನಷ್ಟೇ ಮಾಡುತ್ತೇನೆ.' ಪ್ರಾಯಶ್ಚಿತ್ತಕ್ಕೆಂದು ಒಂದು ಊಟ ಬಿಡುವುದು ಬೇಡ. ಊಟ ಬಿಟ್ಟವರ ಹಾಳೆಯಲ್ಲಿ ಮಾರನೆಯ ಸಂಜೆ 'ಕ' ಗುರುತು ಸಾಲುಗಟ್ಟಿರುತ್ತದೆ.

ನಿದ್ದೆಯನ್ನು ಕೇಳಿ ತಿಳಿದುಕೊಳ್ಳಬೇಕು. 2022ರಲ್ಲಿ, ರಾತ್ರಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯ ಅಧ್ಯಯನದಲ್ಲಿ ನಿದ್ದೆಯನ್ನು 1.2 ಗಂಟೆ ಹೆಚ್ಚಿಸಿಕೊಂಡವರು ಇನ್ನೊಂದು ಗುಂಪಿಗಿಂತ ದಿನಕ್ಕೆ 270 ಕಿಲೊಕ್ಯಾಲೊರಿ ಕಡಿಮೆ ತಿಂದರು. ಊಟದ ಬಗ್ಗೆ ಅವರಿಗೆ ಒಂದು ಮಾತೂ ಹೇಳಿರಲಿಲ್ಲ.

ತೂಕ ನೋಡುವವರು ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ನೋಡಿ ಏಳು ದಿನದ ಸರಾಸರಿ ಬರೆದುಕೊಳ್ಳಲಿ. ಉಪ್ಪು, ನೀರು, ಮುಟ್ಟಿನ ದಿನಗಳಿಂದಾಗಿ ಒಂದೆರಡು ಕಿಲೊ ಏರಿಳಿತ ಸಹಜ. ಆಮೇಲೆ ಬರುವುದು ಎಲ್ಲರನ್ನೂ ಕಂಗೆಡಿಸುವ ಘಟ್ಟ: ಕೆಲವು ಕಿಲೊ ಇಳಿದ ಮೇಲೆ ಹಸಿವು ಏರುತ್ತದೆ. ಮೂತ್ರದ ಮೂಲಕ ಗ್ಲೂಕೋಸ್ ಹೊರಹಾಕುವ ಮಧುಮೇಹದ ಔಷಧ ಪಡೆಯುತ್ತಿದ್ದವರ ಅಂಕಿಗಳಿಂದ 2016ರಲ್ಲಿ ಇದನ್ನು ಲೆಕ್ಕ ಹಾಕಿದರು. ಕ್ಯಾಲೊರಿ ಸೋರಿಹೋಗುತ್ತಿರುವುದು ಅವರಿಗೆ ಅರಿವಾಗುವಂತಿರಲಿಲ್ಲ. ಆದರೂ ಇಳಿದ ಪ್ರತಿ ಕಿಲೊಗೆ ದಿನಕ್ಕೆ ಸುಮಾರು 100 ಕಿಲೊಕ್ಯಾಲೊರಿಯಷ್ಟು ಹೆಚ್ಚು ತಿನ್ನುವ ಒತ್ತಡ ಕಂಡಿತು. ಐದು ಕಿಲೊ ಇಳಿಸಿದವರು ಮೊದಲಿನ ಹಸಿವಿನೊಂದಿಗೆ ಗುದ್ದಾಡುತ್ತಿಲ್ಲ, ಅದರ ಮೇಲೆ 500 ಕಿಲೊಕ್ಯಾಲೊರಿ ಸೇರಿಸಿದ ಹಸಿವಿನೊಂದಿಗೆ ಗುದ್ದಾಡುತ್ತಿದ್ದಾರೆ. ಅವರಿಗೆ ಮನಸ್ಸು ಗಟ್ಟಿ ಮಾಡಿ ಎನ್ನುವುದು ಅನ್ಯಾಯ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಔಷಧ 2021ರ ಪ್ರಯೋಗದಲ್ಲಿ 68 ವಾರಗಳಿಗೆ ಸರಾಸರಿ 14.9 ಪ್ರತಿಶತ ತೂಕ ಇಳಿಸಿತು. ಅದೇ ಸಲಹೆಗಳ ಜೊತೆ ಖಾಲಿ ಚುಚ್ಚುಮದ್ದು ಪಡೆದವರಲ್ಲಿ 2.4 ಪ್ರತಿಶತ. ಹಸಿವಿನ ಕೂಗು ತಗ್ಗಿದಾಗ ಸಂಯಮ ತಾನಾಗಿ ಬಂದಂತೆ ಕಾಣುತ್ತದೆ. ಇದನ್ನು ಮುಜುಗರವಿಲ್ಲದೆ ವೈದ್ಯರಲ್ಲಿ ಕೇಳಬಹುದು.

ಒಂದು ಗುಂಪಿನವರಿಗೆ ಮೇಲಿನ ಯಾವುದನ್ನೂ ಶುರು ಮಾಡಿಸುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಬೇರೆಯವರಿಗಿಂತ ತೀರ ಹೆಚ್ಚು ತಿನ್ನುವುದು, ಆಗ ನಿಲ್ಲಿಸಲಾಗದೆಂಬ ಭಾವ, ಆಮೇಲೆ ಬೇಸರ, ನಾಚಿಕೆ, ಇದು ಮೂರು ತಿಂಗಳಿನಿಂದ ವಾರಕ್ಕೊಮ್ಮೆಯಾದರೂ ಆಗುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ತಿಂದದ್ದನ್ನು ವಾಂತಿ ಮಾಡಿ ಹೊರಹಾಕುವವರೂ ಅಷ್ಟೇ. ಅವರ ಕೈಗೆ ಹಾಳೆ ಕೊಟ್ಟು ಗುರುತು ಹಾಕಿಸಿದರೆ ನಾಚಿಕೆ ಹೆಚ್ಚುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮನೋವೈದ್ಯರ ಬಳಿ ಕಳುಹಿಸಬೇಕು.

ಮೂರು ತಿಂಗಳ ನಂತರ ಮತ್ತೆ ಕರೆಸಿದಾಗ ಎಲೆಗಳ ಆಟ ಆಡಿಸುವುದಿಲ್ಲ. ಯಾವ ಕಟ್ಟು ಕೆಟ್ಟದ್ದೆಂದು ಒಮ್ಮೆ ತಿಳಿದವರಿಗೆ ಅದು ಪರೀಕ್ಷೆಯಾಗಿ ಉಳಿದಿರುವುದಿಲ್ಲ. ರುಚಿ ನೋಡುವ ಬಟ್ಟಲಿನ ಗುಟ್ಟೂ ಬಯಲಾಗಿದೆ. ಒಂದು ವಾರ ಮತ್ತೆ ಹಾಳೆ ಬರೆಸಿ ಮೂರನೆಯ ಕಾಲಂ ಎಣಿಸುತ್ತೇವೆ. 'ಕ', 'ತಿ' ಕಡಿಮೆಯಾಗಿದ್ದೂ ತೂಕ ಕದಲದಿದ್ದರೆ 'ಮೊ' ಎಂದು ಬರೆದದ್ದರ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿ ನೋಡಬೇಕು. ಮೊದಲೇ ನಿಶ್ಚಯಿಸಿದ ಊಟವೇ ದೊಡ್ಡದಿರುತ್ತದೆ. ತೂಕ ಇಳಿದಿದ್ದು ಗುರುತುಗಳು ಮೊದಲಿನಂತೆಯೇ ಇದ್ದರೆ ಇಳಿಸಿದ್ದು ಬರೀ ಬಿಗಿ ಹಿಡಿತ; ಹಿಡಿತ ಸಡಿಲಿದ ದಿನ ಅದು ಮರಳಿ ಬರುವ ಸಂಭವ ಹೆಚ್ಚು. ಅಂಥವರನ್ನು ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಬರಲು ಹೇಳುತ್ತೇವೆ.